ಮಲ್ಲಕ್ಕನ ಬ್ಯಾನರು, ನೇತ್ರಾಳ ಡ್ರಮ್ಮು

ಮೊರಬದ ಮಲ್ಲಕ್ಕನ ಮನೆಗೆ ಬೀಗರು, ನೆಂಟರು ಬಂದರೆ ಮೊದಲು ಕಾಣೆಯಾಗುವವಳು ಮೊಮ್ಮಗಳು ನೇತ್ರಾ. ಹೊರಗೆ ಚಪ್ಪಲಿ ಬಿಟ್ಟ ಸಪ್ಪಳ ಕೇಳಿದರೆ ಸಾಕು, ಹುಡುಗಿ ಒಳಕೋಣೆಯ ಜೋಳದ ಚೀಲಗಳ ಹಿಂದೆ. ಬಂದವರು ಚಹಾ ಕುಡಿದು, ಎಲೆ ಅಡಿಕೆ ಹಾಕಿಕೊಂಡು, ಬಸ್ಸು ಹತ್ತುವವರೆಗೂ ಅಲ್ಲೇ. ವಯಸ್ಸು ಹದಿನಾಲ್ಕು, ಓದುವುದು ಒಂಬತ್ತನೆಯ ತರಗತಿ.

ಮಲ್ಲಕ್ಕನಿಗೆ ಇದು ದೊಡ್ಡ ಅವಮಾನ. ಯಾಕೆಂದರೆ ಮಲ್ಲಕ್ಕನ ಬಾಯಿ ಎಂಥದ್ದು ಅಂತ ಊರಿಗೇ ಗೊತ್ತು. ಅವಳು ಊರಬಾಗಿಲ ಅಗಸಿಯಲ್ಲಿ ನಿಂತು ಕೂಗಿದರೆ ಹೊಲದಲ್ಲಿರುವ ಮಗ, ನೇತ್ರಾಳ ಅಪ್ಪ ಸುಭಾಸ ಟ್ರ್ಯಾಕ್ಟರ್ ನಿಲ್ಲಿಸುತ್ತಾನೆ. ಅಂಥವಳ ಮೊಮ್ಮಗಳು ನಾಲ್ಕು ಜನರ ಮುಂದೆ ತುಟಿ ಪಿಟಕ್ಕೆನ್ನುವುದಿಲ್ಲ ಅಂದರೆ ಹೇಗೆ?

"ಸೊಕ್ಕು. ಬರೇ ಸೊಕ್ಕು!" ಎಂದು ಮಲ್ಲಕ್ಕ ತೀರ್ಮಾನ ಕೊಟ್ಟಿದ್ದಳು. ಬೀಗರ ಮುಂದೆ ಕೈ ಹಿಡಿದು ಎಳೆದು ತಂದು, "ಹಾಡ ಹೇಳ, ಸಾಲ್ಯಾಗ ಕಲಿಸಿದ್ದು ಹೇಳ" ಎಂದು ನಿಲ್ಲಿಸುತ್ತಿದ್ದಳು. ನೇತ್ರಾ ಬೆವೆತು, ನಡುಗಿ, ಕೊನೆಗೆ ಅಳುತ್ತ ಒಳಗೆ ಓಡುತ್ತಿದ್ದಳು. ಮಠದ ಭಸ್ಮ ಹಚ್ಚಿದ್ದಾಯಿತು, ಕೈಗೆ ದಾರ ಕಟ್ಟಿದ್ದಾಯಿತು, ಬೈದದ್ದಂತೂ ಲೆಕ್ಕವೇ ಇಲ್ಲ. ಸೋಮವಾರ ಬಂತೆಂದರೆ ಹುಡುಗಿಗೆ ಹೊಟ್ಟೆನೋವು. ಸಾಲೆಯಲ್ಲಿ ಹಾಜರಿ ಕರೆದರೆ ಧ್ವನಿಯೇ ಹೊರಡದೆ ಎಷ್ಟೋ ಸಲ ಗೈರುಹಾಜರಿ ಬಿದ್ದಿತ್ತು. ಎಲ್ಲರ ನಡುವೆ ಕೂತು ಬಿಸಿಯೂಟ ಉಣ್ಣಲಾಗದೆ ಸಂಜೆಯವರೆಗೂ ಉಪವಾಸ ಇರುತ್ತಿದ್ದಳು.

ಜೂನಿನಲ್ಲಿ ಒಂದು ದಿನ ನೇತ್ರಾ ತನ್ನ ಅವ್ವ ನೀಲಕ್ಕನ ಸೆರಗು ಹಿಡಿದು ಹೇಳಿಯೇಬಿಟ್ಟಳು. "ಅವ್ವಾ, ನಾ ಸಾಲಿ ಬಿಡ್ತೀನಿ. ಮನ್ಯಾಗ ರೊಟ್ಟಿ ಬಡಕೋತ ಇರ್ತೀನಿ."

ಓದಿನಲ್ಲಿ ತರಗತಿಗೇ ಎರಡನೆಯವಳು ಅವಳು. ಅಂಥವಳನ್ನು ಸಾಲೆ ಬಿಡಿಸಲು ನೀಲಕ್ಕ ತಯಾರಿರಲಿಲ್ಲ. ಅತ್ತೆಗೆ ಹೇಳಿದರೆ ಮತ್ತೆ ಬೈಗುಳ. ಹಾಗಾಗಿ ಅವಳು ಹೋಗಿದ್ದು ಬಾಜೂ ಮನೆಯ ರುಬಿಯಾಳ ಹತ್ತಿರ. ರುಬಿಯಾ ಊರಿನ ಆಶಾ ಕಾರ್ಯಕರ್ತೆ. ಅದೇ ಸಂಜೆ ಅವಳು ಮಲ್ಲಕ್ಕನ ಕಟ್ಟೆಗೆ ಬಂದು ಕೂತಳು.

"ಅಮ್ಮಾರ, ಇದು ಸೊಕ್ಕಲ್ರಿ. ಗಾಳಿ ಸೋಕಿದ್ದೂ ಅಲ್ಲ. ಮಂದಿ ನನ್ನ ನೋಡಾಕತ್ತಾರ, ತಪ್ಪಿದ್ರ ನಗತಾರ ಅನ್ನೂ ಅಂಜಿಕಿ."

"ಅಂಜಿಕಿ ಯಾರಿಗಿಲ್ಲ? ನಾನೂ ಮದುವಿ ದಿನ ಅಂಜಿದ್ನಿ."

"ಯಾವ ಅಂಜಿಕಿ ನಿಮಗ!" ಎಂದು ರುಬಿಯಾ ನಕ್ಕಳು. "ನಿಮ್ಮ ಅಂಜಿಕಿ ಒಂದ ದಿನಕ್ಕ ಹೋತು. ಈಕಿದು ಉಣ್ಣೂದ ಬಿಡಸೇತಿ, ಈಗ ಸಾಲೀನ ಬಿಡಸಾಕ ನಿಂತೈತಿ. ಇಷ್ಟು ಆತಂದ್ರ ತಿಳಿದವರನ್ನ ಕೇಳಬೇಕ್ರಿ. ತಾಲ್ಲೂಕ ದವಾಖಾನ್ಯಾಗ ಹರೆಯದ ಮಕ್ಕಳಿಗಂತನ ಸ್ನೇಹ ಕ್ಲಿನಿಕ್ ಐತಿ. ಒಮ್ಮೆ ಹೋಗಿ ಬರೂಣು."

"ನನ್ನ ಮೊಮ್ಮಗಳಿಗೆ ತಲಿ ಕೆಟ್ಟೈತೇನ್ ಹಂಗಾರ?" ಮಲ್ಲಕ್ಕನ ಧ್ವನಿ ಓಣಿಯ ಆ ತುದಿಗೆ ಮುಟ್ಟಿತು.

"ಹಲ್ಲು ನೋವಾದ್ರ ತೋರಸ್ತೀರಿ, ಕಣ್ಣು ಮಂಜಾದ್ರ ತೋರಸ್ತೀರಿ. ಮನಸಿಗೆ ತ್ರಾಸ ಆದ್ರ ಮಾತ್ರ ಯಾಕ ಮುಚ್ಚಿಡೂದು? ಹೇಳ್ರಿ ನೋಡೂಣು."

ಮಲ್ಲಕ್ಕ ಗೊಣಗುತ್ತಲೇ, "ಒಮ್ಮೆ ಹೋಗಿ ಬರ್ರಿ ಹಂಗಾರ" ಅಂದಳು. ಅವಳು ಇನ್ನೊಬ್ಬರ ಮಾತಿಗೆ ಒಪ್ಪಿದ್ದು ಜನ್ಮದಲ್ಲೇ ಅಪರೂಪ.

ಸ್ನೇಹ ಕ್ಲಿನಿಕ್ಕಿನ ಆಪ್ತ ಸಮಾಲೋಚಕಿ ನೇತ್ರಾಳನ್ನು ಒಬ್ಬಳನ್ನೇ ಕೂರಿಸಿಕೊಂಡು ನಿಧಾನ ಮಾತಾಡಿಸಿದರು. ಉಸಿರು ಸಮ ಮಾಡಿಕೊಳ್ಳುವುದು ಹೇಗೆಂದು ತೋರಿಸಿದರು. ಮನೆಯವರಿಗೆ ಹೇಳಿದ್ದು ಇಷ್ಟು: ಎಳೆದು ತಂದು ನಿಲ್ಲಿಸಬೇಡಿ, ಹಾಗಂತ ಅಡಗಿಸಿಯೂ ಇಡಬೇಡಿ. ಅವಳಿಗೆ ಇಷ್ಟವಾದ ಕೆಲಸ ಹುಡುಕಿ, ಸಣ್ಣ ಸಣ್ಣ ಹೆಜ್ಜೆ ಇಡಿಸಿ. ಹೆಜ್ಜೆ ಎಷ್ಟು ದೊಡ್ಡದಿರಬೇಕು ಎನ್ನುವುದನ್ನು ಅವಳೇ ಹೇಳಲಿ.

"ಇಷ್ಟವಾದ ಕೆಲಸ" ಯಾವುದು ಅಂತ ರುಬಿಯಾಳಿಗೆ ಆಗಲೇ ಗೊತ್ತಿತ್ತು. ಎರಡೂ ಮನೆಗೆ ಗೋಡೆ ಒಂದೇ. ದಿನಾ ಮುಂಜಾನೆ ಆ ಗೋಡೆಯಾಚೆಯಿಂದ ನೇತ್ರಾ ಜೋಳದ ರೊಟ್ಟಿ ಬಡಿಯುವ ಸಪ್ಪಳ ಬರುತ್ತಿತ್ತು. ಒಂದೇ ಅಳತೆ, ಒಂದೇ ಲಯ. ಹತ್ತು ರೊಟ್ಟಿಯಾದರೂ ಅಷ್ಟೇ, ನಲವತ್ತಾದರೂ ಅಷ್ಟೇ.

ರುಬಿಯಾ ನೇತ್ರಾಳನ್ನು ಕೇಳಿಯೇ ಈ ಲಯದ ಸುದ್ದಿಯನ್ನು ಸಾಲೆಯ ಇನಾಯತ್ ಸರ್‌ಗೆ ಮುಟ್ಟಿಸಿದಳು. ಅವರು ಆಟದ ಮಾಸ್ತರರು, ಹುಡುಗಿಯರ ಬ್ಯಾಂಡ್ ಕಟ್ಟುತ್ತಿದ್ದರು. ಸಣ್ಣ ಡ್ರಮ್ಮಿಗೆ ಜನ ಸಾಕಷ್ಟಿದ್ದರು. ಎದೆಗೆ ಕಟ್ಟಿಕೊಂಡು ಎರಡೂ ಕಡೆ ಬಾರಿಸುವ ದೊಡ್ಡ ಡ್ರಮ್ಮಿಗೆ ಯಾರೂ ಸಿಕ್ಕಿರಲಿಲ್ಲ. ಲಯ ತಪ್ಪದ ಕೈ ಬೇಕಿತ್ತು.

"ಮಾತಾಡೂ ಕೆಲಸ ಇಲ್ಲವ್ವಾ," ಎಂದರು ಸರ್ ನೇತ್ರಾಳಿಗೆ. "ಡ್ರಮ್ಮಿನ ಹಿಂದ ನೀ ಅರ್ಧ ಕಾಣೂದೂ ಇಲ್ಲ."

ಈ ಎರಡನೆಯ ಮಾತು ನೇತ್ರಾಳಿಗೆ ಬಹಳ ಹಿಡಿಸಿತು.

ಮೊದಲ ವಾರ ಆಟದ ಸಾಮಾನಿನ ಕೋಣೆಯಲ್ಲಿ, ಬಾಗಿಲು ಹಾಕಿಕೊಂಡು, ಒಬ್ಬಳೇ ಬಾರಿಸಿದಳು. ಎರಡನೆಯ ವಾರ ರೇಷ್ಮಾ ಎನ್ನುವ ಹುಡುಗಿ ಸಣ್ಣ ಡ್ರಮ್ಮು ಹಿಡಿದು ಒಳಗೆ ಬಂದಳು. ಆಮೇಲೆ ಬಾಗಿಲು ತೆರೆಯಿತು. ಜುಲೈ ಕೊನೆಗೆ ಬ್ಯಾಂಡಿನ ಒಂಬತ್ತು ಹುಡುಗಿಯರೂ ಮೈದಾನದಲ್ಲಿ. ರೇಷ್ಮಾಳ ಬಾಜೂ ಕೂತು ನೇತ್ರಾ ಬಿಸಿಯೂಟವನ್ನೂ ಉಣ್ಣತೊಡಗಿದಳು. ಒಂದು ದಿನ ಹಾಜರಿಗೆ "ಬಂದೀನ್ರಿ ಸರ್" ಅಂದಳಂತೆ! ಆ ದಿನ ನೀಲಕ್ಕ ಮನೆಯಲ್ಲಿ ಹೋಳಿಗೆ ಮಾಡಿದಳು. ಸಾಲೆ ಬಿಡುವ ಮಾತು ಮತ್ತೆ ಬರಲಿಲ್ಲ.

ಇಲ್ಲಿಗೆ ಎಲ್ಲ ಸುಸೂತ್ರ. ಆದರೆ ಮಲ್ಲಕ್ಕನಿಗೆ ಸಂತೋಷವಾದರೆ ಅದು ಹೊಟ್ಟೆಯಲ್ಲಿ ನಿಲ್ಲಬೇಕಲ್ಲ!

ಆಗಸ್ಟ್ ಹದಿನೈದರಂದು ಬ್ಯಾಂಡಿನ ಮೊದಲ ಪರೇಡು. ಹದಿಮೂರರ ಮುಂಜಾನೆ ಅಗಸಿಯ ಬಾಗಿಲಲ್ಲಿ ಎಂಟು ಅಡಿ ಅಗಲದ ಫ್ಲೆಕ್ಸ್ ಬ್ಯಾನರು ಏರಿತ್ತು. ನಡುವೆ ನೇತ್ರಾಳ ಫೋಟೋ, ಒಂದು ಆಳಿನಷ್ಟು ಎತ್ತರ. "ಮೊರಬದ ಹೆಮ್ಮೆಯ ಬ್ಯಾಂಡ್ ರಾಣಿ ಕುಮಾರಿ ನೇತ್ರಾ ಇವರಿಗೆ ಹಾರ್ದಿಕ ಅಭಿನಂದನೆಗಳು" ಎಂದು ಕೆಂಪು ಅಕ್ಷರ. ಕೆಳಗೆ ಮೂಲೆಯಲ್ಲಿ ಕೈಮುಗಿದ ಮಲ್ಲಕ್ಕನ ಫೋಟೋ, "ಶುಭ ಕೋರುವವರು". ಬರೆಸಿದವಳು ಮಲ್ಲಕ್ಕ, ಮಾಡಿಸಿ ತಂದವನು ಸುಭಾಸ. ಪರೇಡು ಮುಗಿದ ಮೇಲೆ ಮೈಕಿನಲ್ಲಿ ಹೆಸರು ಕರೆಸಿ ಶಾಲು ಹೊದಿಸುವ ಏರ್ಪಾಡೂ ಆಗಿತ್ತು, ಬ್ಯಾನರಿನ ಕೊನೆಗೆ ಅದೂ ಬರೆದಿತ್ತು.

ಸಾಲೆಗೆ ಹೊರಟಿದ್ದ ನೇತ್ರಾ ಬ್ಯಾನರು ನೋಡಿದಳು. ಅಗಸಿಯ ಕಟ್ಟೆಯ ಮೇಲೆ ಕೂತವರೆಲ್ಲ ಒಮ್ಮೆ ಬ್ಯಾನರು, ಒಮ್ಮೆ ಅವಳ ಮುಖ ನೋಡಿದರು. "ಏನ್ ಬ್ಯಾಂಡ್ ರಾಣಿ, ಎಲ್ಲಿಗಿ ಸವಾರಿ?" ಎಂದು ಯಾರೋ ಪ್ರೀತಿಯಿಂದಲೇ ಕೇಳಿದರು. ಅಷ್ಟೇ. ಹುಡುಗಿ ಹೊರಳಿ ಮನೆಗೆ ಓಡಿ ಬಂದು ಒಳಕೋಣೆಯ ಚಿಲಕ ಹಾಕಿಕೊಂಡಳು.

ಮಧ್ಯಾಹ್ನವಾದರೂ ಬಾಗಿಲು ತೆರೆಯಲಿಲ್ಲ. ಮಲ್ಲಕ್ಕ ಹೊರಗೆ ಕುಳಿತು, "ನಾ ಏನ್ ತಪ್ಪ ಮಾಡೀನಿ? ಎಲ್ಲಾರ ಮಕ್ಕಳದೂ ಹಾಕಸ್ತಾರ, ನಾನೂ ಹಾಕಸೀನಿ" ಎಂದು ಹತ್ತು ಸಲ ಹೇಳಿದಳು. ಹನ್ನೊಂದನೆಯ ಸಲ ಹೇಳುವಾಗ ಧ್ವನಿ ಒಡೆಯಿತು.

ರುಬಿಯಾ ಬಂದಳು. "ಅಮ್ಮಾರ, ಆಕಿ ತನ್ನ ಕಾಲಿಲೆ ಒಂದೊಂದ ಮೆಟ್ಟಲಾ ಹತ್ತಾಕತ್ತಿದ್ಲು. ನೀವು ಪ್ರೀತಿಲೇನ ಎತ್ತಿ ಮಾಳಿಗಿ ಮ್ಯಾಲೆ ಒಗದ್ರಿ."

"ಹಂಗಾರ ಎಲ್ಲಾ ಹಾಳಾತೇನ?"

"ಇಲ್ರಿ, ಒಂದ ಹೆಜ್ಜಿ ಹಿಂದ ಸರದಾಳ, ಅಷ್ಟ. ಆಕಿಗಿ ಏನ ಬೇಕು ಅಂತ ಕೇಳ್ರಿ. ನೀವು ಹೇಳಬ್ಯಾಡ್ರಿ, ಕೇಳ್ರಿ."

ಮಲ್ಲಕ್ಕ ಬಾಗಿಲಿಗೆ ಬಾಯಿ ಹಚ್ಚಿದಳು. ಇಷ್ಟು ಸಣ್ಣ ಧ್ವನಿಯಲ್ಲಿ ಅವಳು ಮಾತಾಡಿದ್ದನ್ನು ಮನೆಯವರು ಕೇಳಿಯೇ ಇರಲಿಲ್ಲ. "ನೇತ್ರಾ, ನಂದ ತಪ್ಪಾತವಾ. ಇಷ್ಟು ದಿನ ಎಳದ ತಂದು ನಿಲ್ಲಸ್ತಿದ್ನೆಲ್ಲ, ಅದೂ ತಪ್ಪ. ಈಗ ಏನ್ ಮಾಡ್ಲಿ, ನೀನ ಹೇಳ."

ಒಳಗಿನಿಂದ ಮಾತು ಬಂತು. ನೇತ್ರಾ ಅಜ್ಜಿಯನ್ನು ಅಮ್ಮ ಎಂದೇ ಕರೆಯುತ್ತಾಳೆ. "ಅಮ್ಮಾ, ಎಲ್ಲಾರೂ ನೋಡಿದ್ರ ನನಗ ಗಂಟಲಾ ಒಣಗತೈತಿ ಬೇ. ಎದಿ ಹೊಡಕೋತೈತಿ. ಬ್ಯಾನರ್ ತಗಿ. ಸನ್ಮಾನ ಬ್ಯಾಡ. ಯಾರೂ ಹೆಸರು ಹಿಡದು ಕೂಗಬಾರದು."

"ಆತು. ಮತ್ತ?"

"ನೀ ನನ್ನ ನೋಡಬ್ಯಾಡ. ನೀ ನೋಡಿದ್ರ ಭಾಳ ಅಂಜಿಕಿ ಬರತೈತಿ."

ಮಲ್ಲಕ್ಕ ಸೆರಗಿನಿಂದ ಕಣ್ಣು ಒರೆಸಿಕೊಂಡಳು. "ಆತವಾ, ನೋಡೂದಿಲ್ಲ. ನಿನ್ನ ಆಣಿ" ಎಂದಳು.

ಸುಭಾಸ ಆಗಲೇ ಹೋಗಿ ಬ್ಯಾನರು ಇಳಿಸಿ ತಂದ. ಆಗ ಮಳೆ ಹನಿಯಲು ಶುರುವಾಗಿತ್ತು, ಅಂಗಳದಲ್ಲಿ ಹೊಸ ಹೆಸರುಕಾಳಿನ ರಾಶಿ ಇತ್ತು. "ಯವ್ವಾ, ಹಿಡಿ ಆ ತುದಿ" ಎಂದ. ತಾಯಿ ಮಗ ಸೇರಿ ಬ್ಯಾನರನ್ನು ಮಗುಚಿ ರಾಶಿಗೆ ಹೊದಿಸಿದರು. ಶುಭ ಕೋರುವ ಮಲ್ಲಕ್ಕ ಹೆಸರುಕಾಳಿನ ಮೇಲೆ ಬೋರಲು ಬಿದ್ದಳು. ಕಿಟಕಿಯಿಂದ ಇದನ್ನು ನೋಡಿದ ನೇತ್ರಾ ಕಿಸಕ್ಕನೆ ನಕ್ಕಳು, ಆಮೇಲೆ ಚಿಲಕ ತೆಗೆದಳು. ಮರುದಿನ ಸಾಲೆಗೆ ಹೋಗಿ ಸಾಮಾನಿನ ಕೋಣೆಯಲ್ಲಿ ಹತ್ತು ನಿಮಿಷ ಒಬ್ಬಳೇ ಬಾರಿಸಿದಳು. ಆಮೇಲೆ ತಾನೇ ಬಾಗಿಲು ತೆರೆದು ರೇಷ್ಮಾಳನ್ನು ಕರೆದಳು.

ಹದಿನೈದರ ಮುಂಜಾನೆ ಸಾಲೆಯ ಮೈದಾನ ತುಂಬಿ ತುಳುಕುತ್ತಿತ್ತು. ಮಲ್ಲಕ್ಕ ಇಳಕಲ್ ಸೀರೆ ಉಟ್ಟು ಬಂದು ಹಿಂದಿನ ಕಂಪೌಂಡಿನ ಹತ್ತಿರ, ಗೋಡೆಗೆ ಮುಖ ಮಾಡಿ, ಮೈದಾನಕ್ಕೆ ಬೆನ್ನು ಕೊಟ್ಟು ನಿಂತುಬಿಟ್ಟಳು.

"ಯಾಕ ಮಲ್ಲಕ್ಕಾ, ಗ್ವಾಡಿ ನೋಡಾಕ ಬಂದಿಯೇನ?" ಎಂದು ಪಕ್ಕದ ಓಣಿಯ ಗುಡದಪ್ಪ ಚೇಷ್ಟೆ ಮಾಡಿದ.

"ನನ್ನ ಕಣ್ಣು, ನನ್ನ ಗ್ವಾಡಿ. ನೀ ಮುಂದ ನೋಡಿಕೋತ ಇರು."

ಧಮ್! ದೊಡ್ಡ ಡ್ರಮ್ಮು ಶುರುವಾಯಿತು. ಮಲ್ಲಕ್ಕ ಕಣ್ಣು ಮುಚ್ಚಿದಳು. ಧಮ್, ಧಮ್, ಧಮ್. ಅರೆ, ಇದು ದಿನಾ ಮುಂಜಾನೆ ಅಡುಗೆಮನೆಯಿಂದ ಬರುವ ಸಪ್ಪಳವೇ ಅಲ್ಲವೇ! ನಡುವೆ ಸಣ್ಣ ಡ್ರಮ್ಮುಗಳು ಗಡಿಬಿಡಿ ಮಾಡಿ ಮುಂದೆ ಓಡಿದವು. ಅಯ್ಯೋ ಎನ್ನುವುದರೊಳಗೆ ದೊಡ್ಡ ಡ್ರಮ್ಮು ಅವನ್ನೆಲ್ಲ ಸಮಾಧಾನವಾಗಿ ಕರೆದು ತಂದು ಸಾಲಿಗೆ ಹಚ್ಚಿತು. ಹೊರಳಿ ನೋಡಬೇಕೆಂದು ಮಲ್ಲಕ್ಕನ ಜೀವ ಚಡಪಡಿಸಿತು. ಆಣೆ ಮಾಡಿದ್ದಳು, ನೋಡಲಿಲ್ಲ. ಗೋಡೆಯ ಮೇಲೆಯೇ ಬೆರಳಿಂದ ತಾಳ ಹಾಕುತ್ತ ನಿಂತಳು.

ಬ್ಯಾಂಡು ಮೈದಾನ ಸುತ್ತಿ, ಅವಳ ಬೆನ್ನ ಹಿಂದೆಯೇ ಬಂದು ನಿಂತಿತು. ಚಪ್ಪಾಳೆ ಬಿದ್ದವು. ಚಪ್ಪಾಳೆಯೂ ನಿಂತಿತು. ಆಗ ಇಡೀ ಮೈದಾನಕ್ಕೆ ಕೇಳುವ ಹಾಗೆ ಒಂದು ಕೂಗು ಎದ್ದಿತು.

"ಅಮ್ಮಾ! ಗ್ವಾಡಿ ಏನ್ ನೋಡ್ತಿ ಬೇ? ಹೊಳ್ಳಿ ನನ್ನ ನೋಡ!"

ಜನ ಬೆರಗಾದರು. ಆ ಧ್ವನಿ ಅವರಿಗೆ ಹೊಸದಲ್ಲ. ಅಗಸಿಯಲ್ಲಿ ನಿಂತು ಟ್ರ್ಯಾಕ್ಟರ್ ನಿಲ್ಲಿಸುವ ಅದೇ ಧ್ವನಿ. ಆದರೆ ಮಲ್ಲಕ್ಕ ಬಾಯಿ ತೆರೆದಿರಲಿಲ್ಲ.

ಅವಳು ಹೊರಳಿ ನೋಡಿದಳು. ಡ್ರಮ್ಮಿನ ಮೇಲಿಂದ ಕತ್ತು ಎತ್ತಿ, ಬೆವೆತು, ನಗುತ್ತ ನಿಂತಿದ್ದಳು ನೇತ್ರಾ. ಮಲ್ಲಕ್ಕ ಅಳುತ್ತಲೇ ನಕ್ಕಳು. ಹೆಸರು ಹಿಡಿದು ಕೂಗಲಿಲ್ಲ. ಎರಡೂ ಕೈ ಮೇಲೆತ್ತಿ ಬೀಸಿದಳು, ಅಷ್ಟೇ.

ನೇತ್ರಾಳ ಅಂಜಿಕೆ ಒಂದೇ ದಿನಕ್ಕೆ ಮಾಯವಾಯಿತು ಅಂತ ನಾವು ಸುಳ್ಳು ಹೇಳುವುದಿಲ್ಲ. ಈಗಲೂ ಹೊಸ ಬೀಗರು ಬಂದರೆ ಚೀಲಗಳ ಹಿಂದೆ ಹೋಗುತ್ತಾಳೆ. ಆದರೆ ಹತ್ತು ನಿಮಿಷಕ್ಕೆ ತಾನೇ ಎದ್ದು ಬಂದು ಚಹಾ ಕೊಡುತ್ತಾಳೆ. ತಿಂಗಳಿಗೊಮ್ಮೆ ಸ್ನೇಹ ಕ್ಲಿನಿಕ್ಕಿಗೆ ಹೋಗುತ್ತಾಳೆ. ಜೊತೆಗೆ ಹೋಗುವವಳು ಯಾರು ಅಂದಿರಿ? ಮಲ್ಲಕ್ಕನೇ. ಬಸ್ಸಿನಲ್ಲಿ ಸಿಕ್ಕವರಿಗೆಲ್ಲ, "ನಿಮ್ಮ ಹುಡುಗರನ್ನೂ ಕರಕೊಂಡ ಬರ್ರಿ, ನಾಚಿಕಿ ಯಾತಕ್ಕ?" ಅನ್ನುತ್ತಾಳೆ.

ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ನಿಮ್ಮ ಮನೆಯಲ್ಲೂ ಮಂದಿ ಕಂಡರೆ ಬೆವರುವ, ಸಾಲೆ ಅಂದರೆ ಹೊಟ್ಟೆನೋವು ಅನ್ನುವ ಮಗು ಇರಬಹುದು. ಅದನ್ನು ಸೊಕ್ಕು ಅನ್ನಬೇಡಿ, ನಾಲ್ಕು ಜನರ ಮುಂದೆ ಎಳೆದು ನಿಲ್ಲಿಸಬೇಡಿ. ಏನಾಗುತ್ತಿದೆ ಅಂತ ಕೇಳಿ. ಊರಿನ ಆಶಾ ಕಾರ್ಯಕರ್ತೆಗೆ ಹೇಳಿ, ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ಸ್ನೇಹ ಕ್ಲಿನಿಕ್ ಎಲ್ಲಿದೆ ಎಂದು ವಿಚಾರಿಸಿ. ಹೋಗಲಾಗದಿದ್ದರೆ ಟೆಲಿ ಮಾನಸ್ ಸಹಾಯವಾಣಿ ೧೪೪೧೬ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಇರುತ್ತದೆ, ದುಡ್ಡು ಕೊಡಬೇಕಾಗಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಈ ಹಾಳೆಯನ್ನು ಪಕ್ಕಕ್ಕಿಡಿ, ಒಳಕೋಣೆಗೆ ಹೋಗಿ ನೋಡಿ. ಜೋಳದ ಚೀಲದ ಹಿಂದೆ ಯಾರಾದರೂ ಕೂತಿದ್ದರೆ ಕೈ ಹಿಡಿದು ಎಳೆಯಬೇಡಿ. ನೀವೂ ಹೋಗಿ ಅವರ ಬಾಜೂ ಕೂತುಕೊಳ್ಳಿ.