ಸೋಮವಾರದ ಕರೆಂಟಿನ ಪಾಠ

ನಾನು ಮೂವತ್ತೊಂದು ವರ್ಷ ಕರೆಂಟಿನ ಕಂಬ ಹತ್ತಿದವನು. ನಿವೃತ್ತನಾದ ಮೇಲೆ ಬಳ್ಳಾರಿಯ ಸತ್ಯನಾರಾಯಣಪೇಟೆಯ ಮನೆಯಲ್ಲಿ ಪೂಜೆ, ಪುರಾಣ ಎಂದು ಉಳಿದ ಕಾಲ ಕಳೆಯಬೇಕೆಂದಿದ್ದೆ. ಗುರುವಿನ ಇಚ್ಛೆ ಬೇರೆಯಿತ್ತು. ಎಪ್ಪತ್ತನಾಲ್ಕನೇ ಇಸವಿಯ ಬೇಸಿಗೆಯಲ್ಲಿ ನನ್ನ ತಮ್ಮ ಮರಿಬಸಪ್ಪ ಕುರುಗೋಡಿನ ತನ್ನ ತೋಟದಲ್ಲಿ ಕರೆಂಟು ಹೊಡೆದು ತೀರಿಕೊಂಡ. ತೊಟ್ಟಿಯಲ್ಲಿ ಸ್ನಾನ ಮಾಡಿ, ಒದ್ದೆ ಪಂಚೆಯಲ್ಲಿ, ಬರಿಗಾಲಲ್ಲಿ ಮೋಟಾರಿನ ಮನೆಯೊಳಗೆ ಹೋಗಿ ಸ್ಟಾರ್ಟರಿನ ಪೆಟ್ಟಿಗೆಗೆ ಕೈ ಹಚ್ಚಿದ್ದ. ನೆಲಕ್ಕೆ ಇಳಿಸಿದ ಅರ್ಥಿಂಗ್ ತಂತಿ ಕಳಚಿದ್ದು ಯಾರಿಗೂ ಗೊತ್ತಿರಲಿಲ್ಲ.

ಮರುವರ್ಷ ಶ್ರಾವಣದಿಂದ ನಾನು ಪ್ರತಿ ಸೋಮವಾರ ಕುರುಗೋಡಿಗೆ ಹೋಗತೊಡಗಿದೆ. ಸೋಮವಾರ ಬಸವಣ್ಣನ ವಾರ. ಅಂದು ನಮ್ಮವರು ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಹೀಗಾಗಿ ರೈತರು ಬಿಡುವಾಗಿ ಸಿಗುತ್ತಿದ್ದರು. ದೊಡ್ಡ ಬಸವೇಶ್ವರನ ದರ್ಶನ ಮಾಡಿಕೊಂಡು ಬಂದು, ಬೇವಿನ ಕಟ್ಟೆಯ ಮೇಲೆ ಒಂದು ಹಲಗೆಯನ್ನು ಒರಗಿಸುತ್ತಿದ್ದೆ. ಅದಕ್ಕೆ ಹಳೆಯ ಸ್ಟಾರ್ಟರು, ಫ್ಯೂಜು, ಬಲ್ಬು ಜೋಡಿಸಿದ್ದೆ. ಫ್ಯೂಜಿಗೆ ದಪ್ಪ ತಂತಿ ಏಕೆ ಸುತ್ತಬಾರದು, ಮೋಟಾರು ಗುಂಯ್‌ಗುಟ್ಟಿದರೆ ಏನು ಮಾಡಬೇಕು ಎಂದು ತೋರಿಸುತ್ತಿದ್ದೆ. ಕೊನೆಗೆ ಪ್ರತಿ ವಾರವೂ ಅದೇ ಮಾತು: ಕೈ ಒಣಗಿರಬೇಕು, ಕಾಲಲ್ಲಿ ರಬ್ಬರ್ ಚಪ್ಪಲಿ ಇರಬೇಕು.

“ಮೋಟರ್ ಮುಂದ ಚಪ್ಪಲಿ ಮೆಟ್ಟಿದ್ರ ನೀರಿನ ತಾಯಿ ಗಂಗವ್ವ ಸಿಟ್ಟಾಗಲ್ಲೇನ್ರಿ?” ಎಂದು ಅಲ್ಲಿ ಕೂತಿದ್ದ ರೈತ ಜಂಬಣ್ಣ ಒಮ್ಮೆ ಕೇಳಿದ.

ನಾನು ಉತ್ತರಿಸುವ ಮೊದಲೇ ತಮ್ಮನ ತೋಟದ ನೆರೆಯವನಾದ ಗಾದಿಲಿಂಗಪ್ಪ, “ಲೇ ಜಂಬ, ನಿನ್ನ ಚಪ್ಪಲಿ ಹರದು ಮೂರು ವರ್ಷ ಆತು. ಹೊಸಾವು ತಗೊಳ್ಳಾಕ ಆಗದ ಗಂಗವ್ವನ ಹೆಸರು ಹೇಳ್ತಿ,” ಎಂದ. ಎಲ್ಲರೂ ನಕ್ಕರು.

ನನಗೆ ನಗು ಬರಲಿಲ್ಲ. ತಮ್ಮನ ಬಾವಿಗೆ ಮೋಟಾರು ಕೂಡಿಸಿದ ದಿನ ಬಾಗಿಲಲ್ಲಿ ನಿಂತು ಎಲ್ಲರ ಚಪ್ಪಲಿ ಬಿಡಿಸಿದವನು ನಾನು. ಕಾಯಿ ಒಡೆದು, “ಇದು ಗಂಗವ್ವನ ಗುಡಿ ಇದ್ದಂಗ, ಎಂದೂ ಮೆಟ್ಟಿಕೊಂಡು ಒಳಗ ಬರಬ್ಯಾಡ,” ಎಂದು ಅವನಿಗೆ ಹೇಳಿದವನೂ ನಾನೇ. ಮರಿಬಸಪ್ಪ ಅಣ್ಣನ ಮಾತು ಮೀರಿದವನಲ್ಲ. ಇದನ್ನು ಕಟ್ಟೆಯ ಮೇಲೆ ಯಾರಿಗೂ ಹೇಳುವ ಧೈರ್ಯ ನನಗಿರಲಿಲ್ಲ.

ಊರಿಗೆಲ್ಲ ಪಾಠ ಹೇಳಿದೆ. ಅದು ಎಲ್ಲರಿಗಿಂತ ಹೆಚ್ಚು ಬೇಕಾಗಿದ್ದವಳಿಗೆ ಹೇಳಲಾಗಲಿಲ್ಲ. ತಮ್ಮನ ಹೆಂಡತಿ ಗುರುಬಸಮ್ಮ ನನ್ನ ಎದುರಿಗೆ ಬರುತ್ತಿರಲಿಲ್ಲ. ಭಾವನ ಮುಂದೆ ನಿಲ್ಲುವುದು, ನೇರವಾಗಿ ಮಾತಾಡುವುದು ನಮ್ಮ ಮನೆತನದಲ್ಲಿ ಇಲ್ಲ. ಮದುವೆಯಾಗಿ ಹದಿನಾಲ್ಕು ವರ್ಷವಾದರೂ ಅವಳ ದನಿ ನನಗೆ ಸರಿಯಾಗಿ ಗೊತ್ತಿರಲಿಲ್ಲ.

ತಮ್ಮ ಹೋದ ಮೇಲೆ ಗಾದಿಲಿಂಗಪ್ಪನೇ ದಿನವೂ ಬಂದು ಮೋಟಾರು ಹಾಕಿಕೊಡುತ್ತಿದ್ದ. ಅವನು ಸಿರುಗುಪ್ಪದ ಕಡೆ ಭತ್ತದ ಗದ್ದೆ ಗುತ್ತಿಗೆ ಹಿಡಿದಿದ್ದ. ದೀಪಾವಳಿ ಮುಗಿದೊಡನೆ ಹೊರಡುವವನಿದ್ದ. ನನ್ನ ತಮ್ಮ ನೆಟ್ಟ ಅಂಜೂರದ ಗಿಡಗಳು ಮೊದಲ ಕಾಯಿ ಹಿಡಿದಿದ್ದವು. ಗುರುಬಸಮ್ಮನ ತವರಿನವರು, ತೋಟವನ್ನು ಬೇರೆಯವರಿಗೆ ಕೊಟ್ಟು ನಮ್ಮ ಮನೆಗೆ ಬಂದುಬಿಡು ಎಂದು ಒತ್ತಾಯ ಮಾಡುತ್ತಿದ್ದರು. ಅವಳಿಗೆ ಹೋಗಲು ಮನಸ್ಸಿರಲಿಲ್ಲ. ಮೋಟಾರು ಹಾಕುವುದನ್ನು ತಾನೇ ಕಲಿತರೆ ಮಾತ್ರ ಅವಳು ಅಲ್ಲಿ ಉಳಿಯಬಹುದಿತ್ತು.

ಹೀಗಾಗಿ ಒಂದು ಸೋಮವಾರ ಅವಳ ಮನೆಗೇ ಹೋದೆ. ನಾನು ಪಡಸಾಲೆಯಲ್ಲಿ ಕೂತೆ, ಅವಳು ಒಳಬಾಗಿಲ ಮರೆಯಲ್ಲಿ ನಿಂತಳು. ನಡುವೆ ಪಕ್ಕದ ಮನೆಯ ಮುದುಕಿ ಉಚ್ಚಂಗೆಮ್ಮ ಕೂತು ಮಾತು ಸಾಗಿಸಿದಳು.

“ಹಸಿರು ಗುಂಡಿ ಒತ್ತಿದ್ರ ಚಾಲು, ಕೆಂಪು ಒತ್ತಿದ್ರ ಬಂದ್. ಹೇಳವ್ವ.”

“ಕೇಳಿದಿಲ್ಲವ್ವಾ? ಹಸಿರು, ಕೆಂಪು,” ಎಂದು ಉಚ್ಚಂಗೆಮ್ಮ ಒಳಗೆ ಕೂಗಿ, ನನ್ನ ಕಡೆ ತಿರುಗಿ, “ತಿಳೀತಂತ್ರಿ,” ಎಂದಳು.

“ಚಪ್ಪಲಿ ಹಾಕ್ಕೊಂಡ ಒಳಗ ಹೋಗಬೇಕು.”

ಒಳಗಿಂದ ಬಹಳ ಹೊತ್ತು ಪಿಸುಮಾತು ಬಂತು. ಉಚ್ಚಂಗೆಮ್ಮ ಅದನ್ನು ಕೇಳಿ ನನಗೆ ಹೇಳಿದಳು: “ಅದೊಂದು ಆಗಲ್ಲಂತ. ಮನಿಯವರು ಎಂದೂ ಮೆಟ್ಟಿ ಹೋಗಿಲ್ಲಂತ, ಭಾವಾರು ಹಾಕಿಕೊಟ್ಟ ರೂಢಿ ಅಂತ. ಭಾವಾರ ಎದುರಿಗೆ ಚಪ್ಪಲಿ ಮೆಟ್ಟಿ ನಿಲ್ಲಾಕ ನಾನೇನು ಪಟೇಲನ ಮಗಳೇನು ಅಂತ.” ಆಮೇಲೆ ದನಿ ತಗ್ಗಿಸಿ, “ಕಡೀ ಮಾತು ಅಕಿ ಅಂದಿಲ್ರಿ, ನಾನ ಸೇರಿಸೀನಿ,” ಎಂದಳು.

“ಇದ್ದದ್ದಷ್ಟ ಹೇಳು, ಉಚ್ಚಂಗೆಮ್ಮ.”

“ಇದ್ದದ್ದಷ್ಟ ಹೇಳಾಕ ನಾನೇನು ರೇಡಿಯೋ ಅದೀನೇನ್ರಿ?”

ಮುಂದಿನ ವಾರ ಅವಳಿಗೆ ಒಂದು ಜೊತೆ ರಬ್ಬರ್ ಚಪ್ಪಲಿ ತಂದುಕೊಟ್ಟೆ. ಮೂವರೂ ತೋಟಕ್ಕೆ ಹೋದೆವು. ಗುರುಬಸಮ್ಮ ಹತ್ತು ಹೆಜ್ಜೆ ಹಿಂದೆ ಬಂದಳು. ಚಪ್ಪಲಿ ಕಂಕುಳಲ್ಲಿತ್ತು.

ತಮ್ಮ ಹೋದಮೇಲೆ ಮೋಟಾರಿನ ಮನೆಯ ಹೊಸ್ತಿಲನ್ನು ನಾನು ದಾಟಿರಲಿಲ್ಲ. ತಂತಿ ಸರಿಮಾಡಲು ಬೇರೆಯವರನ್ನು ಕಳಿಸಿದ್ದೆ. ಹೊರಗೆ ನಿಂತೇ ತೋರಿಸಿ ಬರಬೇಕೆಂದುಕೊಂಡಿದ್ದೆ. ಆದರೆ ಸ್ಟಾರ್ಟರಿನ ಪೆಟ್ಟಿಗೆಯ ಮೇಲೆ ತಮ್ಮ ಎಳೆದ ವಿಭೂತಿಯ ಮೂರು ಗೆರೆಗಳು ಮಾಸಿಯೂ ಉಳಿದಿದ್ದವು. ಅವನ್ನು ಕಂಡ ಮೇಲೆ ನನಗೆ ನನ್ನ ಪರಿವೆ ಇರಲಿಲ್ಲ. ಗುಡಿಗೆ ಹೋಗುವವನಂತೆ ತೊಟ್ಟಿಯಲ್ಲಿ ಕೈಕಾಲು ತೊಳೆದು, ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋದೆ. ಆ ಗೆರೆಗಳನ್ನು ಮುಟ್ಟಲು ಕೈ ಎತ್ತಿದೆ.

“ಭಾವಾರ, ನಿಂದರ್ರಿ.”

ಅದು ಪಿಸುಮಾತಲ್ಲ. ನನ್ನ ಕೈ ನಿಂತಿತು.

“ಕೈ ಹಸಿ ಐತಿ. ಕಾಲಾಗ ಏನೂ ಇಲ್ಲ. ಹೊರಗ ಬರ್ರಿ.”

ಗುರುಬಸಮ್ಮ ಬಾಗಿಲಲ್ಲಿ ನಿಂತಿದ್ದಳು. ತಲೆಯ ಮೇಲೆ ಸೆರಗಿತ್ತು. ಕಣ್ಣುಗಳು ನೇರವಾಗಿ ನನ್ನನ್ನೇ ನೋಡುತ್ತಿದ್ದವು. ಅವಳ ಹಿಂದಿನಿಂದ ಉಚ್ಚಂಗೆಮ್ಮ, “ಹೊರಗ ಬರಬೇಕಂತ್ರಿ,” ಎಂದಳು.

ನಾನು ಹೊರಬಂದು ತೊಟ್ಟಿಯ ಕಟ್ಟೆಯ ಮೇಲೆ ಕೂತೆ. ಇನ್ನು ಮುಚ್ಚಿಟ್ಟು ಫಲವಿಲ್ಲ ಎನಿಸಿತು.

“ಯವ್ವಾ, ಆ ರೂಢಿ ದೇವರು ಕೇಳಿದ್ದಲ್ಲ, ನಾ ಹಾಕಿದ್ದು. ಅಂವ ನನ್ನ ಮಾತು ನಡೆಸಿ ಹ್ವಾದ.”

ಅವಳು ಸೆರಗು ಸರಿಪಡಿಸಿಕೊಂಡಳು. “ನನಗ ಗೊತ್ತೈತ್ರಿ. ಅಣ್ಣ ಹೇಳ್ಯಾನ, ಅಣ್ಣ ಹೇಳ್ಯಾನ ಅಂತ ದಿನಾ ಅಂತಿದ್ರು. ಈಗೂ ನೀವ ಹೇಳಾಕತ್ತೀರಿ, ಮೆಟ್ಟಿಗೊ ಅಂತ.”

ಅವಳು ಎರಡೂ ಅಂಗೈಗಳನ್ನು ಸೆರಗಿಗೆ ಒರೆಸಿಕೊಂಡಳು. ಚಪ್ಪಲಿ ಕೆಳಗಿಟ್ಟು, ನನ್ನ ಎದುರಿಗೇ ಮೆಟ್ಟಿಕೊಂಡಳು. ರೂಢಿಯಿಲ್ಲದೆ ಒಮ್ಮೆ ಮುಗ್ಗರಿಸಿ, ಒಳಗೆ ಹೋದಳು.

“ಒತ್ತಿ ಹಿಡೀಬೇಕೇನ್ರಿ, ಬಿಡಬೇಕೇನ್ರಿ?”

“ಒತ್ತಿ ಬಿಡವ್ವ.”

ಮೋಟಾರು ಗುಡುಗಿತು. ಕೊಳವೆ ಎರಡು ಸಲ ಕೆಮ್ಮಿ ನೀರು ಸುರಿಸಿತು. ಉಚ್ಚಂಗೆಮ್ಮ ನೀರಿಗೆ ಕೈ ಮುಗಿದಳು.

ಗುರುಬಸಮ್ಮ ಹೊರಗೆ ಬಂದು ನನ್ನಿಂದ ನಾಲ್ಕು ಮೊಳ ದೂರದಲ್ಲಿ ನಿಂತಳು. “ಭಾವಾರ, ಒಂದು ಮಾತು. ಯಾರನ್ನ ಕೇಳಬೇಕೋ ತಿಳೀಲಾರದ ಒಂದೂವರಿ ವರ್ಷ ಆತು. ಅವರಿಗೆ ಬಾಳ ಹೊತ್ತು ನೋವಾಗಿತ್ತೇನ್ರಿ?”

ಇಂಥ ಸಾವುಗಳನ್ನು ನನ್ನ ನೌಕರಿಯಲ್ಲಿ ಕಂಡಿದ್ದೆ. ಸಮಾಧಾನಕ್ಕಾಗಿ ಸುಳ್ಳು ಹೇಳುವ ಅಗತ್ಯವಿರಲಿಲ್ಲ. “ಇಲ್ಲವ್ವ. ಅಂವಗ ತಿಳಿಯೋದ್ರೊಳಗ ಮುಗದಿತ್ತು.”

ಅವಳು ತಲೆಯಾಡಿಸಿ ಸೆರಗಿನಿಂದ ಮುಖ ಒರೆಸಿಕೊಂಡಳು. ಆಮೇಲೆ ಸಲಿಕೆ ತೆಗೆದುಕೊಂಡು ಕಾಲುವೆಯ ಮಣ್ಣು ಸರಿಸಿದಳು. ನೀರು ಅಂಜೂರದ ಮೊದಲ ಸಾಲಿಗೆ ತಿರುಗಿತು.

“ಕೆಂಪು ಯಾವಾಗ ಒತ್ತಬೇಕ್ರಿ?” ಎಂದು ಅಲ್ಲಿಂದಲೇ ಕೇಳಿದಳು.

“ಅದನ್ನ ನಾನೇನು ಹೇಳಲವ್ವ. ಗಿಡ ನಿನ್ನವು, ಎಷ್ಟು ನೀರು ಬೇಕಂತ ನಿನಗ ಗೊತ್ತು.”