ಶ್ರುತಿಮಾವನ ಅಚ್ಚಾಗದ ಸೊನಾಟಾ

ನಮ್ಮ ಸೋದರಮಾವ ಯಾರ ಮನೆಗೆ ಹೋದರೂ ಮೊದಲು ಕ್ಷೇಮ ವಿಚಾರಿಸುತ್ತಿದ್ದುದು ಪಿಯಾನೋವನ್ನು. ಮನೆಯವರ ಸರದಿ ಆಮೇಲೆ. ಪಿಯಾನೋಗಳಿಗೆ ಶ್ರುತಿ ಕೂಡಿಸುವುದೇ ಅವರ ಕಸುಬಾದ್ದರಿಂದ ಊರಿಗೆಲ್ಲ ಅವರು ಶ್ರುತಿಮಾವ. ಎಡಗಿವಿಯನ್ನು ಮುಂದೆ ಮಾಡಿಕೊಂಡು ತುಸು ಓರೆಯಾಗಿ ಸಾಗುವ ನಡಿಗೆ, ಬೇಸಗೆಯಲ್ಲೂ ಮೈಬಿಡದ ಕಂದು ಕೋಟು, ಅದರ ಬಲಜೇಬಿನಲ್ಲಿ ತಂತಿ ಬಿಗಿಯುವ ಕೀಲಿ, ಎಡಜೇಬಿನಲ್ಲಿ ರಟ್ಟು ಕಳಚಿದ ರಮ್ಯ ಕವಿತೆಗಳ ಸಂಕಲನ.

ಆ ಕವಿತೆಗಳ ಗುಂಗಿನಲ್ಲೇ ಅವರು ಇಪ್ಪತ್ತಾರು ವರ್ಷ ಪಿಯಾನೋಗೆಂದು ಸೊನಾಟಾ ಎಂಬ ದೀರ್ಘ ವಾದ್ಯರಚನೆಯೊಂದನ್ನು ಕಟ್ಟಿದರು: ಮುಂಜಾವಿನ ಕಡಲು, ಪಾಳುಗೋಪುರ, ಹೆಸರು ತಿಳಿಯದ ಹಕ್ಕಿ ಎಂದು ಮೂರು ಭಾಗ. ಪ್ರಕಾಶಕರು 'ಇಂಥದನ್ನು ಈಗ ಯಾರು ಕೇಳುತ್ತಾರೆ?' ಎಂದು ಹಿಂದಿರುಗಿಸಿದ ಮೇಲೆ ಅದು ಅಡುಗೆಮನೆಯ ಕಪಾಟು ಸೇರಿತು. ಬೆರಳುಗಳ ಗಂಟು ಬಿಗಿಯತೊಡಗಿ ಕಸುಬು ಬಿಡಬೇಕಾಗಿ ಬಂದಾಗ ಮಾತ್ರ, ಬಾಯಿ ಜಾರಿದವರಂತೆ, ನನ್ನೊಡನೆ "ಕೈ ಆಡೋವಾಗ್ಲೇ ಯಾರಾದ್ರೂ ಒಂದ್ಸಲ ಪೂರ್ತಿ ಕೇಳಿದ್ರೆ ಸಾಕಿತ್ತು ಕಣೋ" ಎಂದರು.

ಊರಿನ ಸಂಗೀತಶಾಲೆಯವರು ಒಂದು ಮಧ್ಯಾಹ್ನ ಬೀಳ್ಕೊಡುಗೆ ಏರ್ಪಡಿಸಿದಾಗ ಮಾವ ಕೇಳಿದ್ದು ಒಂದೇ: "ಭಾಷಣ ಬೇಡ, ಇಪ್ಪತ್ತು ನಿಮಿಷ ನುಡಿಸ್ತೀನಿ." ಅತ್ತೆ ಮೊದಲ ಸಾಲಿನಲ್ಲಿ ಭದ್ರವಾಗಿ ಕುಳಿತು, "ಎಲ್ಲಾ ಎದ್ದು ಹೋದ್ರೂ ನಾನಿರ್ತೀನಿ ರೀ" ಎಂದು ಧೈರ್ಯ ಹೇಳಿದರು.

ಕಡಲಿನ ಭಾಗ ಆರಂಭವಾಗಿ ಎರಡು ನಿಮಿಷ ಕಳೆದಿರಲಿಲ್ಲ, ದಂತವೈದ್ಯರ ಹೆಂಡತಿ ಗಟ್ಟಿಯಾಗಿಯೇ "ಅಯ್ಯೋ, ಇದು ನಮ್ಮನೇದು!" ಎಂದರು. ಗೋಪುರಕ್ಕೆ ಬರುವಷ್ಟರಲ್ಲಿ ಬೇಕರಿಯ ಯಜಮಾನರು ಮಗಳ ತೋಳು ತಿವಿದು "ನಮ್ದೂ ಬಂತು ನೋಡು" ಎಂದರು. ಆಗಿದ್ದಿಷ್ಟೇ: ಶ್ರುತಿ ಕೂಡಿತೇ ಎಂದು ಪರೀಕ್ಷಿಸಲು ಮಾವ ಪ್ರತಿ ಮನೆಯಲ್ಲೂ ಆ ಪಿಯಾನೋದ ಸ್ವಭಾವಕ್ಕೊಪ್ಪುವ, ಈ ಸೊನಾಟಾದ್ದೇ ಒಂದು ತುಣುಕನ್ನು, ವರ್ಷಕ್ಕೆರಡು ಸಲ, ತಪ್ಪದೆ ಅದನ್ನೇ ನುಡಿಸುತ್ತಿದ್ದರು. ಇದು ಶ್ರುತಿ ಮಾಡುವವರೆಲ್ಲರ ಮಾಮೂಲು ಪಾಠವೆಂದು ಜನ ತಿಳಿದಿದ್ದರು. ಜನ ಕಿವಿಗೊಡುವುದೇ ಇಲ್ಲವೆಂದು ಮಾವ ತಿಳಿದಿದ್ದರು. ಹಕ್ಕಿಯ ಭಾಗದಲ್ಲಂತೂ ಅರ್ಧ ಸಭೆ ಗುನುಗತೊಡಗಿತು. ಮಾವ ನಕ್ಕರು, ಒಂದು ಸ್ವರ ತಪ್ಪಿದರು, ಮತ್ತೆ ನಕ್ಕರು. ನನ್ನ ಕಣ್ಣು ತುಂಬಿತೆಂದು ಹೇಳಲು ನನಗೇನೂ ನಾಚಿಕೆಯಿಲ್ಲ.

ಮುಗಿದ ಮೇಲೆ ಅವರನ್ನು ಮೊದಲು ತರಾಟೆಗೆ ತೆಗೆದುಕೊಂಡವರು ದಂತವೈದ್ಯರ ಹೆಂಡತಿಯೇ: "ನಮ್ಗೆ ಬರೀ ತಲೆ ಕೊಟ್ಟು ಹೋಗ್ತಿದ್ರಲ್ಲಾ! ಇದಕ್ಕೆ ಇಷ್ಟು ಚೆಂದದ ಮೈ ಇದೆ ಅಂತ ಒಂದು ಮಾತು ಹೇಳೋದಲ್ವಾ?"

ಇಂಥವರು ತಮ್ಮ ಪ್ರಾಣಪ್ರಿಯವಾದುದನ್ನು ಬಚ್ಚಿಟ್ಟೆವೆಂದು ಭಾವಿಸುತ್ತಲೇ, ನಿತ್ಯದ ಕೆಲಸದ ನೆಪದಲ್ಲಿ ಅದನ್ನೇ ಮನೆಮನೆಗೆ ಹಂಚುತ್ತ ಬಾಳುತ್ತಾರೆ. ಕೊಟ್ಟದ್ದು ಅವರಿಗೆ ಗೊತ್ತಿರುವುದಿಲ್ಲ, ಪಡೆದದ್ದು ಉಳಿದವರಿಗೆ ಗೊತ್ತಿರುವುದಿಲ್ಲ. ಇಬ್ಬರಿಗೂ ಒಟ್ಟಿಗೇ ಗೊತ್ತಾಗುವ ಮಧ್ಯಾಹ್ನ ಎಲ್ಲರ ಬಾಳಿನಲ್ಲೂ ಬರುವುದಿಲ್ಲ. ನಮ್ಮ ಮಾವನಿಗೆ ಬಂತು.