ಖಾಲಿ ತೊಟ್ಟಿಯ ಕರಿ ಮೀನು

ದೊಡ್ಡೋನು ತೀರಿಕೊಂಡು ಏಳು ತಿಂಗಳಾದ ಮೇಲೆ ಚಿಕ್ಕೋನು ಕ್ಷೌರದಂಗಡಿಯ ಹಿಂದಿನ ಕೋಣೆಯಿಂದ ಮೀನಿನ ತೊಟ್ಟಿಯನ್ನು ಹೊರಗೆಳೆದ. ಚಿಕ್ಕೋನು ಅಂತ ಕರೆದರೂ ಅವನಿಗೆ ಆಗಲೇ ನಲವತ್ತಾರು, ಮೀಸೆ ಅರ್ಧ ಬೆಳ್ಳಗಾಗಿತ್ತು. ಅಣ್ಣ ತಮ್ಮ ಇಬ್ಬರೂ ಅಕ್ಕಪಕ್ಕದ ಕುರ್ಚಿಗಳ ಹಿಂದೆ ನಿಂತು ಇಪ್ಪತ್ತು ವರ್ಷ ಕತ್ತರಿ ಆಡಿಸಿದವರು. ಗಿರಾಕಿಗಳ ಬಾಯಲ್ಲಿ ಒಬ್ಬ ದೊಡ್ಡೋನು, ಇನ್ನೊಬ್ಬ ಚಿಕ್ಕೋನು ಆಗಿ ಉಳಿದುಬಿಟ್ಟಿದ್ದರು.

ತೊಟ್ಟಿ ದೊಡ್ಡೋನದು. ಕನ್ನಡಿಗಳ ಎದುರು ಗೋಡೆಗೆ ಇಟ್ಟಿದ್ದ. ಕುರ್ಚಿಯಲ್ಲಿ ಕೂತವರು ಕತ್ತು ತಿರುಗಿಸದೆ ಕನ್ನಡಿಯಲ್ಲೇ ಮೀನು ನೋಡಬಹುದಿತ್ತು. ಮೀನು ನೋಡ್ತಾ ಕೂತವರು ತಲೆ ಅಲ್ಲಾಡಿಸಲ್ಲ, ಹಾಗಾಗಿ ಕಿವಿ ಉಳಿಯುತ್ತೆ ಎಂದು ತಮಾಷೆ ಮಾಡುತ್ತಿದ್ದ. ಹತ್ತು ಹನ್ನೆರಡು ಮೀನುಗಳ ಪೈಕಿ ಅಂಗೈಯಗಲದ ಒಂದು ಕರಿ ಮೀನಿತ್ತು. ಅದರ ಹೆಸರು ಯಜಮಾನ. ಪಂಪಿನ ಪಕ್ಕದ ಮೂಲೆಯಲ್ಲಿ ಅಲ್ಲಾಡದೆ ನಿಂತಿರುತ್ತಿತ್ತು. ದೊಡ್ಡೋನು ಗಾಜಿನ ಹತ್ತಿರ ಕತ್ತರಿಯನ್ನು ಕಚಕಚ ಅನ್ನಿಸಿದರೆ ಮಾತ್ರ ಮುಂದಕ್ಕೆ ಬರುತ್ತಿತ್ತು.

ದೊಡ್ಡೋನು ಒಂದು ಬೆಳಿಗ್ಗೆ ಕೆಲಸದ ಮಧ್ಯೆಯೇ ಎದೆ ಹಿಡಿದುಕೊಂಡು ಕುಸಿದು ಆಸ್ಪತ್ರೆ ಸೇರಿದ. ಚಿಕ್ಕೋನು ಅಂಗಡಿಗೂ ಆಸ್ಪತ್ರೆಗೂ ಓಡಾಡುತ್ತ, ತೊಟ್ಟಿಯತ್ತ ಸರಿಯಾಗಿ ಕಣ್ಣು ಹಾಯಿಸದೆಯೇ ಒಂದು ಚಿಟಿಕೆ ಆಹಾರ ಎಸೆದು ಹೋಗುತ್ತಿದ್ದ. ಮೂರನೆಯ ದಿನ ಫಿಲ್ಟರಿನ ಸ್ಪಂಜು ಕಂದು ಲೋಳೆ ಹಿಡಿದಿರುವುದು ಕಂಡಿತು. ಅಣ್ಣ ಬರುವಷ್ಟರಲ್ಲಿ ಚೊಕ್ಕಟ ಮಾಡಿಡೋಣವೆಂದು ಅದನ್ನು ನಲ್ಲಿಯ ಕೆಳಗೆ ಹಿಡಿದು, ಅದರ ನೀಲಿ ಬಣ್ಣ ಕಾಣುವವರೆಗೂ ಸೋಪು ಹಾಕಿ ಉಜ್ಜಿದ. ಮರುದಿನ ನೀರು ಹಾಲು ಬೆರೆಸಿದ ಹಾಗೆ ಮಬ್ಬಾಯಿತು. ನಾಲ್ಕೇ ದಿನಕ್ಕೆ ಮೀನುಗಳು ಮೇಲೆ ತೇಲಿದವು. ಚಿಕ್ಕೋನು ಕಣ್ಣು ಅರ್ಧ ಮುಚ್ಚಿಕೊಂಡು ಎಲ್ಲವನ್ನೂ ಬಕೆಟ್ಟಿಗೆ ಬಳಿದು ಹಿತ್ತಲಲ್ಲಿ ಗುಂಡಿ ತೋಡಿ ಸುರಿದ.

ಅಂದು ಸಂಜೆ ದೊಡ್ಡೋನು ಹಾಸಿಗೆಯಿಂದಲೇ ಮೀನು ಹೇಗಿವೆ ಎಂದು ಕೇಳಿದ. ಚೆನ್ನಾಗಿವೆ ಎಂದ ಚಿಕ್ಕೋನು. ಮರುದಿನವೂ ಅದೇ ಪ್ರಶ್ನೆ, ಅದೇ ಉತ್ತರ. ಹಾಗೆ ಹನ್ನೊಂದು ದಿನ. ಹನ್ನೆರಡನೆಯ ದಿನ ಕೇಳುವವನೇ ಇರಲಿಲ್ಲ.

ಅಣ್ಣನನ್ನು ಕಾಣದ ಕೊರಗಿಗೆ ಮೀನುಗಳು ಸತ್ತವು ಎಂದು ಚಿಕ್ಕೋನು ತನಗೆ ತಾನೇ ಹೇಳಿಕೊಂಡಿದ್ದ. ಈಗ ತೊಟ್ಟಿಗೆ ಮತ್ತೆ ಮೀನು ಬಿಡೋಣವೆಂದು ಹೊಸ ಪಂಪು ಕೊಳ್ಳಲು ಹೋದಾಗ ಮೀನಿನಂಗಡಿಯಾಕೆ ಹಳೆಯ ಮೀನು ಹೇಗೆ ಹೋದವು ಎಂದು ವಿಚಾರಿಸಿದಳು. ಅವನು ಸ್ಪಂಜು ತೊಳೆದದ್ದನ್ನೂ ಹೇಳಿದ. ಆಕೆ ಕೈಲಿದ್ದ ಬಲೆಯನ್ನು ಕೆಳಗಿಟ್ಟಳು.

"ಮೀನು ತಾನು ಬಿಟ್ಟ ಗಲೀಜಿಗೇ ಸಾಯುತ್ತೆ ಸಾರ್. ಅದನ್ನ ತಿಂದು ಮುಗಿಸೋ ಜೀವಗಳು ಆ ಸ್ಪಂಜಿನ ಲೋಳೆಯಲ್ಲೇ ಇರೋದು. ನೀವು ಅವನ್ನೇ ತೊಳೆದುಬಿಟ್ರಿ."

ಆಕೆ ಮೆದುವಾಗಿಯೇ ಮುಂದುವರಿಸಿ, ಈ ಸಲ ಮೀನಿಲ್ಲದೆ ನೀರನ್ನು ಹದಕ್ಕೆ ತರಬೇಕು ಎಂದು ವಿವರಿಸಿದಳು. ನಲ್ಲಿ ನೀರಿನ ಕ್ಲೋರಿನ್ ಹೋಗಲು ಔಷಧಿ ಹಾಕಬೇಕು. ಆಮೇಲೆ ದಿನಕ್ಕಿಷ್ಟು ಹನಿ ಅಮೋನಿಯ ಬಿಡಬೇಕು. ಅದು ಮೀನಿನ ಗಲೀಜಿಗೆ ಬದಲು. ಒಂದು ಬಗೆಯ ಜೀವಗಳು ಹುಟ್ಟಿ ಅಮೋನಿಯವನ್ನು ನೈಟ್ರೈಟ್ ಮಾಡುತ್ತವೆ, ಅದೂ ವಿಷವೇ. ಇನ್ನೊಂದು ಬಗೆಯವು ನಿಧಾನಕ್ಕೆ ಬಂದು ಆ ವಿಷವನ್ನೂ ಮುಗಿಸುತ್ತವೆ. ಐದಾರು ವಾರ ಬೇಕು. ಗಾಜಿನ ನಳಿಕೆಯಲ್ಲಿ ನೀರು ಹಿಡಿದು, ಪರೀಕ್ಷೆಯ ಹನಿ ಹಾಕಿ ಬಣ್ಣ ನೋಡುತ್ತಿರಬೇಕು. ಎರಡೂ ವಿಷ ಸೊನ್ನೆಗೆ ಬರುವವರೆಗೆ ಒಂದು ಮೀನನ್ನೂ ಬಿಡಕೂಡದು.

ಆಕೆ ಹೇಳಿದ್ದನ್ನು ಅವನು ಚಾಚೂತಪ್ಪದೆ ಮಾಡಿದ. ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಹನಿ ಹಾಕಿ, ನಳಿಕೆಯನ್ನು ಬೆಳಕಿಗೆ ಹಿಡಿದು, ಬಣ್ಣವನ್ನು ಪಟ್ಟಿಯ ಜೊತೆ ಹೋಲಿಸುತ್ತಿದ್ದ. ಹಳೆಯ ಜಾಗಕ್ಕೇ ಮರಳಿದ ತೊಟ್ಟಿಯಲ್ಲಿ ಮರಳು, ನೀರು, ಗುಳುಗುಳು ಅನ್ನುವ ಪಂಪು. ಬೇರೇನೂ ಇರಲಿಲ್ಲ.

ಎರಡನೆಯ ವಾರ ನಿವೃತ್ತ ಬಸ್ ಡ್ರೈವರೊಬ್ಬರು ಕುರ್ಚಿಯಲ್ಲಿ ಕೂತು, ಕನ್ನಡಿ ನೋಡುತ್ತ, ಒಂದೇ ಮೀನು ಬಿಟ್ಟಿದೀಯಲ್ಲ, ಅದಕ್ಕೆ ಜೊತೆ ಬೇಡವಾ ಎಂದರು. ಚಿಕ್ಕೋನು ತಿರುಗಿ ನೋಡಿದ. ಬರಿ ನೀರು. ಮುದುಕರಿಗೆ ಕಣ್ಣಿಗೆ ಪೊರೆ ಬಂದಿರಬೇಕು ಎಂದುಕೊಂಡು ಮತ್ತೆ ಕೂದಲು ಕತ್ತರಿಸತೊಡಗಿದ.

ನಾಲ್ಕು ದಿನ ಬಿಟ್ಟು ಹೈಸ್ಕೂಲಿನ ಮೇಷ್ಟ್ರು ಗಡ್ಡ ಬೋಳಿಸಿಕೊಳ್ಳಲು ಬಂದರು. ಅವರು ಕನ್ನಡಕ ಹಾಕದೆ ಪತ್ರಿಕೆ ಓದುವವರು. ಕರಿ ಮೀನು ಗಂಭೀರವಾಗಿದೆ ಕಣಯ್ಯಾ ಎಂದು ಅವರು ಹೊಗಳಿದ್ದೇ ತಡ, ಚಿಕ್ಕೋನ ಕೈ ಅಲುಗಿ ಅವರ ದವಡೆಯ ಹತ್ತಿರ ಕೆಂಪು ಗೆರೆ ಮೂಡಿತು. ಇಪ್ಪತ್ತು ವರ್ಷದಲ್ಲಿ ಅವನ ಕತ್ತಿ ಯಾರಿಗೂ ತಾಗಿರಲಿಲ್ಲ. ಕ್ಷಮೆ ಕೇಳಿ ಪಟಿಕದ ಕಲ್ಲು ಒತ್ತುತ್ತ, ಕನ್ನಡಿಯಲ್ಲಿ ಅವರ ನೋಟದ ಜಾಡು ಹಿಡಿದು ನೋಡಿದ. ಅವನಿಗೆ ಏನೂ ಕಾಣಲಿಲ್ಲ.

ಮೂರನೆಯವಳು ಅಪ್ಪನ ಜೊತೆ ಬಂದ ಐದು ವರ್ಷದ ಹುಡುಗಿ. ಕುರ್ಚಿಯ ಕೈಗಳ ಮೇಲೆ ಹಲಗೆಯಿಟ್ಟು ಕೂರಿಸಿದ್ದ. ಕೂದಲು ಕತ್ತರಿಸುವಾಗ ಅವಳು ಕನ್ನಡಿಯನ್ನೇ ದಿಟ್ಟಿಸುತ್ತಿದ್ದಳು.

"ಮಾಮ, ಅದು ಯಾಕೆ ಮೂಲೆಯಲ್ಲಿ ನಿಂತಿದೆ? ಬೈದ್ರಾ?"

ಇಲ್ಲ ಪುಟ್ಟಿ, ಯಾರೂ ಬೈದಿಲ್ಲ ಎಂದ. ಅವನ ದನಿ ಅವನಿಗೇ ಬೇರೆ ಯಾರದೋ ಅನ್ನಿಸಿತು.

ಅಂದಿನಿಂದ ಅವನು ಗಿರಾಕಿಗಳ ಕಣ್ಣನ್ನೇ ಕಾಯತೊಡಗಿದ. ಯಾರಾದರೂ ಕನ್ನಡಿಯತ್ತ ಹೆಚ್ಚು ಹೊತ್ತು ನೋಡಿದರೆ ಕೆಲಸ ನಿಲ್ಲಿಸಿ ತಾನೂ ಅತ್ತ ನೋಡುತ್ತಿದ್ದ. ಊಟದ ಹೊತ್ತಿಗೆ ಬಾಗಿಲು ಎಳೆದುಕೊಂಡು ತೊಟ್ಟಿಯ ಮುಂದೆ ಕೂತುಬಿಡುತ್ತಿದ್ದ. ತಂದ ಡಬ್ಬಿ ಹಾಗೇ ವಾಪಸು ಹೋಗುತ್ತಿತ್ತು. ಊರವರಿಗೆಲ್ಲ ಕಾಣಿಸಿ ತನಗೊಬ್ಬನಿಗೆ ಕಾಣದಿರುವುದೇ ಅವನಿಗೆ ಶಿಕ್ಷೆಯಂತೆ ತೋರಿತು. ಇತ್ತ ನೀರೂ ಹಟ ಹಿಡಿದಿತ್ತು. ಅಮೋನಿಯ ಎಂದೋ ಇಳಿದಿತ್ತು, ನೈಟ್ರೈಟ್ ಮಾತ್ರ ಮೂರು ವಾರದಿಂದ ಒಂದೇ ಸಮನೆ ವಿಷದ ನೇರಳೆ ಬಣ್ಣವನ್ನೇ ತೋರಿಸುತ್ತಿತ್ತು. ಎರಡನೆಯ ಬಗೆಯವು ಸೋಮಾರಿಗಳು, ತಾಳ್ಮೆ ಬೇಕು ಎಂದು ಅಂಗಡಿಯಾಕೆ ನಕ್ಕಳು. ಅವನಿಗೆ ನಗು ಬರಲಿಲ್ಲ. ಈ ನೀರು ಇನ್ನು ಯಾವತ್ತೂ ತನ್ನನ್ನು ನಂಬುವುದಿಲ್ಲ ಎಂದೇ ಅನ್ನಿಸುತ್ತಿತ್ತು.

ಅಂಗಡಿಗೆ ರಜೆಯಿದ್ದ ಒಂದು ಮಧ್ಯಾಹ್ನ ಅವನು ಅತ್ತಿಗೆಯ ಮನೆಗೆ ಹೋದ. ಆಕೆ ಕಿಟಕಿಯ ಬಳಿ ಇಸ್ತ್ರಿ ಮಾಡುತ್ತಿದ್ದರು. ಅವನು ನಿಂತೇ ಎಲ್ಲವನ್ನೂ ಹೇಳಿದ: ಸ್ಪಂಜು, ಮಬ್ಬು ನೀರು, ಹಿತ್ತಲ ಗುಂಡಿ, ಹನ್ನೊಂದು ದಿನದ ಸುಳ್ಳು. ಗಿರಾಕಿಗಳು ಕಂಡ ಕರಿ ಮೀನಿನ ವಿಷಯವನ್ನೂ ಮುಚ್ಚಿಡಲಿಲ್ಲ. ಅತ್ತಿಗೆ ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿದರು.

"ಯಜಮಾನನ್ನ ನೀನು ಕೊಂದಿಲ್ಲ. ಅವರು ಕುಸಿದುಬಿದ್ದ ದಿನ ಬೆಳಿಗ್ಗೇನೇ ಅದು ಸತ್ತಿತ್ತು. ನೀನು ಬರೋ ಮೊದಲೇ ಬಾಗಿಲ ಪಕ್ಕದ ಹೂವಿನ ಕುಂಡದಲ್ಲಿ ಹೂತಿಟ್ರಂತೆ. ಹೇಳೋಣ ಅಂದ್ಕೊಳ್ಳೋ ಅಷ್ಟರಲ್ಲಿ ಎದೆನೋವು ಬಂತು."

ಚಿಕ್ಕೋನಿಗೆ ಆಸ್ಪತ್ರೆಯ ಒಂದು ಸಂಜೆ ನೆನಪಾಯಿತು. ಕತ್ತರಿ ಆಡಿಸಿದರೆ ಯಜಮಾನ ಈಗಲೂ ಬರ್ತಾನಾ ಎಂದು ಅಣ್ಣ ಕೇಳಿದ್ದ. ಬರ್ತಾನೆ, ನಿನ್ನ ಕೇಳ್ತಾನೆ ಎಂದು ಇವನು ನಗುನಗುತ್ತ ಹೇಳಿದ್ದ.

"ಹಾಗಾದ್ರೆ ಅಣ್ಣನಿಗೆ ಗೊತ್ತಿತ್ತು" ಎಂದ.

"ಯಜಮಾನ ಬರ್ತಾನೆ ಅಂತ ನೀನು ಅಂದ ದಿನವೇ ಗೊತ್ತಾಯ್ತು. ನೀನು ಹೋದ ಮೇಲೆ ಗೋಡೆ ಕಡೆ ತಿರುಗಿ ಮಲಗಿದ್ರು. ಆಮೇಲೆ, ಎಲ್ಲಾ ಹೋಗಿವೆ ಅಂತ ಕಾಣುತ್ತೆ, ಅವನನ್ನ ಏನೂ ಕೇಳ್ಬೇಡ ಅಂದ್ರು."

"ಆದ್ರೂ ದಿನಾ ಕೇಳ್ತಿದ್ದನಲ್ಲ ಅತ್ತಿಗೆ?"

"ಕೇಳದಿದ್ರೆ ನಿನಗೆ ಅನುಮಾನ ಬರುತ್ತೆ ಅಂತ." ಆಕೆ ಮಡಿಸಿದ್ದ ಅಂಗಿಯನ್ನೇ ಬಿಚ್ಚಿ ಮತ್ತೆ ಮಡಿಸಿದರು. "ಅವರು ಹೊಟ್ಟೆಗೆ ಹಾಕ್ಕೊಂಡ್ರು. ನನಗೆ ಸಿಟ್ಟಿತ್ತು. ಈಗ್ಲೂ ಇದೆ. ಉಳಿದ ಅಷ್ಟು ದಿನ ನೀವಿಬ್ರೂ ಸೇರಿ ನಾಟಕ ಆಡಿದ್ರಿ, ನಾನು ನೋಡ್ತಾ ಕೂತೆ."

ಚಿಕ್ಕೋನು ಅಲ್ಲೇ ನೆಲದ ಮೇಲೆ ಕೂತು ಮುಖ ಮುಚ್ಚಿಕೊಂಡ. ಆಕೆ ಸಮಾಧಾನ ಮಾಡಲಿಲ್ಲ, ಎದ್ದು ಹೋಗು ಅಂತಲೂ ಅನ್ನಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಒಂದು ಲೋಟ ನೀರು ತಂದಿಟ್ಟರು.

ಆರನೆಯ ವಾರದ ಕೊನೆಗೆ ನಳಿಕೆಯ ನೇರಳೆ ತಿಳಿಯಾಗಿ ಸೊನ್ನೆಯ ನೀಲಿಗೆ ತಿರುಗಿತು. ನಂಬಿಕೆ ಬಾರದೆ ಮತ್ತೆ ಅಮೋನಿಯ ಹಾಕಿ ಒಂದು ದಿನ ಕಾದ, ಎರಡೂ ಸೊನ್ನೆ. ಅಂಗಡಿಯಾಕೆ ಹೇಳಿದಂತೆ ಸ್ಪಂಜು ಮುಟ್ಟದೆ ಅರ್ಧಕ್ಕಿಂತ ಹೆಚ್ಚು ನೀರು ಬದಲಿಸಿ, ಆರು ಪುಟ್ಟ ಪಟ್ಟೆ ಮೀನು ತಂದು ಬಿಟ್ಟ. ಕಳೆದ ಸಲ ನಾಲ್ಕೇ ದಿನಕ್ಕೆ ಸತ್ತದ್ದು ನೆನಪಾಗಿ, ನಾಲ್ಕನೆಯ ದಿನ ಅಂಗಡಿ ತೆರೆಯಲೇ ಹೆದರಿದ. ತೆರೆದಾಗ ಆರೂ ಆಹಾರಕ್ಕೆ ಮುಗಿಬಿದ್ದವು.

ಆ ವಾರ ಅತ್ತಿಗೆ, ದೊಡ್ಡೋನು ಹೋದ ಮೇಲೆ ಮೊದಲ ಬಾರಿಗೆ, ಅಂಗಡಿಗೆ ಬಂದರು. ಕಾಯುವ ಬೆಂಚಿನ ಮೇಲೆ ಕೂತು, ಆಸ್ಪತ್ರೆಯ ದಿನಗಳಲ್ಲಿ ಇಲ್ಲಿ ನಿಜವಾಗಿ ಏನೇನಾಯಿತು ಎಂದು ಒಂದೊಂದು ದಿನದ್ದೂ ಕೇಳಿದರು. ಚಿಕ್ಕೋನು ಗಿರಾಕಿಯ ತಲೆಗೆ ಬಾಚಣಿಗೆ ಹಾಕುತ್ತಲೇ, ತಡವರಿಸುತ್ತ, ಒಂದನ್ನೂ ಬಿಡದೆ ಹೇಳಿದ. ಕುರ್ಚಿಯಲ್ಲಿದ್ದವರು ಅದೇ ಬಸ್ ಡ್ರೈವರ್. ಅವರು ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದರು. ಅಂದು ಕನ್ನಡಿಯಲ್ಲಿ ಏನು ಕಂಡಿರಿ ಎಂದು ವಿಚಾರಿಸಬೇಕೆಂದು ಚಿಕ್ಕೋನಿಗೆ ಬಾಯಿಯವರೆಗೂ ಬಂತು. ಕೇಳಲಿಲ್ಲ, ಆಮೇಲೆಯೂ ಯಾರನ್ನೂ ಕೇಳಲಿಲ್ಲ.